ಚಂದಾ ಸಾಲದೆ ಟ್ರಸ್ಟ್ ಮಾಡಿಕೊಂಡೆವು: ಒಂದು ಸಣ್ಣ ಪತ್ರಿಕೆಯ ಓಡಾಟ

ನಮ್ಮದು ಮಲೆನಾಡಿನ ಸಣ್ಣ ಬೆಳೆಗಾರರ ಪತ್ರಿಕೆ. ಚಿಕ್ಕಮಗಳೂರಿನಲ್ಲಿ ಅಚ್ಚಾಗುತ್ತದೆ. ಮೂಡಿಗೆರೆ, ಕೊಪ್ಪ, ಕಳಸ, ಆಲ್ದೂರು, ಆ ಕಡೆ ಸಕಲೇಶಪುರದವರೆಗೆ ಅಂಚೆಯಲ್ಲಿ ಹೋಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಇದೂ ದೇಣಿಗೆ ಕೇಳುವ ಇನ್ನೊಂದು ಬರಹ ಆಗಿಬಿಡುತ್ತದೆ. ಅಂಥದ್ದನ್ನು ಬರೆದು ಬರೆದು ನನಗೇ ಸಾಕಾಗಿದೆ.

ಈಚೆಗೆ ನಮ್ಮ ಟ್ರಸ್ಟಿಗೆ 80ಜಿ ಮಾನ್ಯತೆಯ, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವ ಮಾನ್ಯತೆಯ, ಪೂರ್ಣ ಆದೇಶ ಬಂತು. ಆ ಸುದ್ದಿ ಹೇಗೋ ಹರಡಿ, ಇಂಥದ್ದೇ ಪತ್ರಿಕೆ ನಡೆಸುವವರು ಫೋನ್ ಮಾಡುತ್ತಿದ್ದಾರೆ. "ನಮಗೂ ಸ್ವಲ್ಪ ದಾರಿ ಹೇಳಿ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನಿಸಿತು. ಮೊದಲೇ ಒಂದು ಮಾತು. ನಾನು ಇಲ್ಲಿ ಹೇಳುವ ಕಲಂ, ಫಾರಂ ನಂಬರುಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ನೀವು ಅರ್ಜಿ ಹಾಕುವ ಹೊತ್ತಿಗೆ ನಂಬರ್ ಬೇರೆ ಇರುತ್ತದೆ. ಆಡಿಟರ್ ಹತ್ತಿರ ಕೇಳಿಕೊಳ್ಳಿ.

ನಮ್ಮ ಪತ್ರಿಕೆ ಶುರು ಮಾಡಿದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಈಗ ಅವರಿಗೆ ಎಂಬತ್ತು ದಾಟಿದೆ. ಓದುಗರು ತಮ್ಮ ತೋಟದ ಮಳೆ ಲೆಕ್ಕವನ್ನು ಇಂಚು, ಸೆಂಟ್ಸ್‌ನಲ್ಲಿ ಬರೆದು ಕಳಿಸುತ್ತಾರೆ. ಅದನ್ನು ಪಟ್ಟಿ ಮಾಡಿ ಹಾಕುತ್ತೇವೆ. ಹೂ ಮಳೆ ಎಲ್ಲಿ ಬಂತು, ಎಲ್ಲಿ ಬರಲಿಲ್ಲ, ಅಡಿಕೆಗೆ ಎಲೆಚುಕ್ಕಿ ಯಾವ ಊರಿನವರೆಗೆ ಬಂದಿದೆ, ಮೆಣಸಿನ ಬಳ್ಳಿಗೆ ಸೊರಗು ರೋಗ ಹತ್ತಿದಾಗ ಯಾರು ಏನು ಮಾಡಿದರು, ಇಂಥವೇ ಜಾಸ್ತಿ. ದೊಡ್ಡ ಪತ್ರಿಕೆಗಳು ಇದನ್ನು ಹಾಕುವುದಿಲ್ಲ. ಹಾಕಬೇಕಾಗಿಯೂ ಇಲ್ಲ.

ಕಷ್ಟ ಶುರುವಾದದ್ದು ಆಜೀವ ಚಂದಾದಿಂದ. ಹಿಂದೆ ಯಾವಾಗಲೋ ಕಾಗದಕ್ಕೆ ದುಡ್ಡು ಸಾಲದೇ ಬಂದಾಗ ಮೇಷ್ಟ್ರು 500 ರೂಪಾಯಿಗೆ ಆಜೀವ ಚಂದಾ ಮಾಡಿದ್ದರು. ಆಗ ಅದು ಒಳ್ಳೇ ದುಡ್ಡು. ಈಗ ನಮ್ಮ ಚಂದಾದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವರೇ. ಅವರಿಂದ ಒಂದು ಪೈಸೆ ಬರುವುದಿಲ್ಲ, ಸಂಚಿಕೆ ತಡವಾದರೆ ಮೊದಲು ಫೋನ್ ಮಾಡುವವರೂ ಅವರೇ. ಖರ್ಚು ಇಳಿಸಲು ಮಾಸಿಕವನ್ನು ದ್ವೈಮಾಸಿಕ ಮಾಡಿದೆವು. ಅಚ್ಚಿನ ಖರ್ಚು ಇಳಿಯಿತು, ಆದರೆ ಅಂಚೆ ಖರ್ಚು ಏರಿತು. ನೋಂದಾಯಿತ ಪತ್ರಿಕೆಗೆ ಪೈಸೆ ಲೆಕ್ಕದ ಅಂಚೆ ರಿಯಾಯಿತಿ ಸಿಗಬೇಕಾದರೆ ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ದ್ವೈಮಾಸಿಕ ಆದ ಕೂಡಲೇ ಅದು ಹೋಯಿತು. ನಿಮ್ಮ ಪತ್ರಿಕೆ ಇನ್ನೂ ಮಾಸಿಕವಾಗಿದ್ದರೆ, ಪುಟ ಕಡಿಮೆ ಮಾಡಿ, ತಿಂಗಳು ತಪ್ಪಿಸಬೇಡಿ.

ನಿಲ್ಲಿಸಿಬಿಡೋಣ ಅಂತ ಮಾತಾಯಿತು. ಆಗ ಆಲ್ದೂರಿನ ಒಬ್ಬ ಓದುಗರು ಪುತ್ತೂರಿನ ಅಡಿಕೆ ಪತ್ರಿಕೆಯ ಉದಾಹರಣೆ ಕೊಟ್ಟರು. ಅದು 1988ರಲ್ಲಿ ಶುರುವಾದದ್ದು, ಫಾರ್ಮರ್ ಫಸ್ಟ್ ಟ್ರಸ್ಟ್ ಹೆಸರಲ್ಲಿ ನಡೆಯುತ್ತದೆ. "ಅವರು ಟ್ರಸ್ಟ್ ಇಟ್ಟುಕೊಂಡು ನಡೆಸ್ತಾರೆ, ನಾವು ಮೇಷ್ಟ್ರ ಪಿಂಚಣಿ ಇಟ್ಟುಕೊಂಡು ನಡೆಸ್ತಿದ್ದೀವಿ, ಅಲ್ವಾ?" ಅಂದರು. ಅವರೇ ಈಗ ನಮ್ಮ ಟ್ರಸ್ಟಿ.

ಸಂಘ ಮಾಡಬೇಕಾ, ಟ್ರಸ್ಟ್ ಮಾಡಬೇಕಾ ಅನ್ನುವುದು ಮೊದಲ ಪ್ರಶ್ನೆ. ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ 7 ಜನ, ವರ್ಷವರ್ಷ ಸಭೆ, ಪದಾಧಿಕಾರಿಗಳ ಪಟ್ಟಿ. ಚುನಾವಣೆ ಅಂದ ಕೂಡಲೇ ಮೇಷ್ಟ್ರು ಬೇಡ ಅಂದರು. ಊರಿನ ಸೊಸೈಟಿ ಚುನಾವಣೆ ನೋಡಿದವರು ಯಾರೂ ಅದನ್ನು ತಾವಾಗಿ ಬಯಸುವುದಿಲ್ಲ. ಟ್ರಸ್ಟ್ ಸಾಕು ಅಂತಾಯಿತು.

ಟ್ರಸ್ಟ್ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಕರಡನ್ನು ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಂಡು ಹೋಗುವುದು. ಪತ್ರ ಬರಹಗಾರರ ಹತ್ತಿರ ತಯಾರು ಫಾರ್ಮ್ಯಾಟ್ ಇರುತ್ತದೆ. ಅದನ್ನು ಹಾಗೇ ಸಹಿ ಮಾಡಬೇಡಿ. ನಮಗೆ ಕೊಟ್ಟದ್ದು ಯಾವುದೋ ದೇವಸ್ಥಾನದ ಟ್ರಸ್ಟಿನದು. "ಜೀರ್ಣೋದ್ಧಾರ" ಅನ್ನುವ ಪದ ಎರಡು ಕಡೆ ಉಳಿದುಕೊಂಡಿತ್ತು. ಆಡಿಟರ್ ಅದನ್ನು ಓದಿ ಮೂರು ವಿಷಯ ಸೇರಿಸಿದರು. ಈ ಟ್ರಸ್ಟನ್ನು ಹಿಂಪಡೆಯಲು ಬರುವುದಿಲ್ಲ. ಟ್ರಸ್ಟಿಗಳಿಗೆ ಲಾಭ ಹಂಚುವಂತಿಲ್ಲ. ಮುಚ್ಚಿದರೆ ಆಸ್ತಿ ಇಂಥದ್ದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗಬೇಕು. ಈ ಮೂರು ಇಲ್ಲದಿದ್ದರೆ ಮುಂದೆ ತೆರಿಗೆ ಇಲಾಖೆಯ ಪ್ರಶ್ನೆಗೆ ಉತ್ತರ ಕೊಡುತ್ತಾ, ತಿದ್ದುಪಡಿ ಪತ್ರ ಮಾಡಿಸುತ್ತಾ ಕೂರಬೇಕು.

ಕಚೇರಿ ವಿಳಾಸಕ್ಕೆ ಮೇಷ್ಟ್ರ ಮನೆಯ ಮುಂದಿನ ಕೋಣೆಯನ್ನೇ ಕೊಟ್ಟೆವು. ಮೆಸ್ಕಾಂ ಬಿಲ್ ನೋಡಿದರೆ ಅವರ ತಂದೆಯ ಹೆಸರಲ್ಲಿ ಇದೆ. ಅವರು ಹೋಗಿ ಎಷ್ಟು ಕಾಲವಾಯಿತೋ. ಖಾತೆ ಬದಲಾಗಿದೆ, ಮೀಟರ್ ಬದಲಾಗಿಲ್ಲ. ಮೀಟರಿನ ಹೆಸರು ಬದಲಾಗುವವರೆಗೆ ಎಲ್ಲ ನಿಂತಿತು. ನೀವು ಈ ದಾರಿಗೆ ಹೊರಟರೆ ಇವತ್ತೇ ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರಿದೆ ನೋಡಿ.

ಆದರೆ ಇದೆಲ್ಲ ಓಡಾಟದ ಕಷ್ಟ. ತಲೆ ಕೆಟ್ಟದ್ದು ಉದ್ದೇಶದ ಕಲಮಿನಲ್ಲಿ.

ನಾವು ಸುಮ್ನೆ "ಪತ್ರಿಕೆ ನಡೆಸುವುದು" ಅಂತ ಬರೆದಿದ್ದೆವು. ಆಡಿಟರ್ ಪೆನ್ನು ಕೆಳಗಿಟ್ಟರು. "ಪತ್ರಿಕೆ ನಡೆಸೋದು ಧರ್ಮದ ಕೆಲಸ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ ಸರ್." ತೆರಿಗೆ ಕಾಯ್ದೆಯ ಕಲಂ 2(15)ರಲ್ಲಿ ಧರ್ಮಾರ್ಥ ಉದ್ದೇಶ ಯಾವುದು ಅಂತ ಪಟ್ಟಿ ಇದೆ. ಬಡವರ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ಸಂರಕ್ಷಣೆ, ಸ್ಮಾರಕಗಳ ರಕ್ಷಣೆ. ಇವು ಯಾವುದೂ ಅಲ್ಲದಿದ್ದರೆ ಕೊನೆಗೆ "ಸಾರ್ವಜನಿಕ ಉಪಯೋಗದ ಇತರ ಉದ್ದೇಶ". ಶಿಕ್ಷಣ ಅಂತ ಹಾಕೋಣ ಅಂದೆವು. ಕೋರ್ಟುಗಳು ಶಿಕ್ಷಣ ಅಂದರೆ ಶಾಲೆ ಕಾಲೇಜಿನಂಥ ಕ್ರಮದ ಪಾಠವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವಂತೆ. ಪರಿಸರ ಅಂತ ಮಾತ್ರ ಹಾಕಿದರೆ ಅಡಿಕೆ ರೇಟಿನ ಪುಟಕ್ಕೆ ಏನು ಹೇಳುವುದು? ಉಳಿದದ್ದು ಆ ಕೊನೆಯ ಸಾಲು.

ಆ ಸಾಲಿಗೆ ಒಂದು ಬಾಲ ಇದೆ. ವ್ಯಾಪಾರದ ಸ್ವರೂಪದ ಆದಾಯ ಆ ವರ್ಷದ ಒಟ್ಟು ಆದಾಯದ 20 ಪರ್ಸೆಂಟ್ ಮೀರಬಾರದು. ಪತ್ರಿಕೆಗೆ ವ್ಯಾಪಾರದ ಆದಾಯ ಯಾವುದು? ಜಾಹೀರಾತು. ಇದು ಬರೀ ಅನುಮಾನದ ಮಾತಲ್ಲ. ಚಂಡೀಗಢದ ಟ್ರಿಬ್ಯೂನ್ ಪತ್ರಿಕೆಯನ್ನು ನಡೆಸುವುದು ಒಂದು ಟ್ರಸ್ಟ್. ಅದರ ವಿಷಯದಲ್ಲಿ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ದುಡ್ಡು ತೆಗೆದುಕೊಂಡು ಜಾಹೀರಾತು ಹಾಕುವುದು ವ್ಯಾಪಾರದ ಸ್ವರೂಪದ್ದೇ, ಮಿತಿಯೊಳಗೆ ಇರಬೇಕು ಅಂತ. ಅಷ್ಟು ದೊಡ್ಡ, ಅಷ್ಟು ಹಳೆಯ ಪತ್ರಿಕೆಗೇ ಹೀಗೆ ಅಂದಮೇಲೆ ನಾವು ಯಾವ ಲೆಕ್ಕ? ನಮ್ಮ ಆಡಿಟರ್ ಜಾಗ್ರತೆಗೆ ಚಂದಾವನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು.

ಇದರ ಅರ್ಥ ಏನು ಅಂತ ನಮಗೆ ನಿಜವಾಗಿ ತಿಳಿದದ್ದು ಆಮೇಲೆ. ಗೊಬ್ಬರದ ಅಂಗಡಿಯವರೊಬ್ಬರು ಇಡೀ ಹಿಂಬದಿ ಪುಟಕ್ಕೆ ಬಣ್ಣದ ಜಾಹೀರಾತು ಕೊಡುತ್ತೇನೆ ಅಂತ ತಾವಾಗಿ ಬಂದರು. ಆ ವರ್ಷದ ದೇಣಿಗೆ ಇನ್ನೂ ಕಡಿಮೆ ಇತ್ತು. ಆ ಜಾಹೀರಾತು ಹಾಕಿದರೆ 20 ಪರ್ಸೆಂಟ್ ದಾಟುತ್ತದೆ. ಹಿಂದೆ ಕಾಲು ಪುಟದ ಜಾಹೀರಾತಿಗೆ ನಾನು ಅದೇ ಅಂಗಡಿಯ ಮುಂದೆ ಕಾದು ನಿಂತಿದ್ದೇನೆ. ಈಗ ಬೇಡ ಅನ್ನಬೇಕು. ಅವರು ನನ್ನ ಮುಖವನ್ನೇ ನೋಡಿದರು. "ಎಂತ ಮಾರಾಯ್ರೆ, ದುಡ್ಡಿಲ್ಲ ಅಂತ ಹಾಡ್ತೀರಿ, ಕೊಟ್ಟರೆ ಬೇಡ ಅಂತೀರಿ!" ಉತ್ತರ ಇರಲಿಲ್ಲ. ಕೊನೆಗೆ ಜಾಹೀರಾತು ಇಲ್ಲದೆ, ಸ್ವಲ್ಪ ಕಡಿಮೆ ಮೊತ್ತ ದೇಣಿಗೆ ಕೊಟ್ಟರು. ಅವರ ಅಂಗಡಿಯ ಹೆಸರನ್ನು ದಾನಿಗಳ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದೆವು. ಅಷ್ಟೇ. ಅದಕ್ಕೆ ಅಂಗಡಿಯ ಚಿತ್ರ, ಫೋನ್ ನಂಬರ್ ಸೇರಿಸಿದರೆ ಮತ್ತೆ ಜಾಹೀರಾತೇ ಆಗುತ್ತದೆ ಅಂತ ಆಡಿಟರ್ ಎಚ್ಚರಿಸಿದ್ದರು.

ಹಾಗಾಗಿ ಜಾಹೀರಾತಿನಿಂದಲೇ ಹೇಗೋ ನಡೆಯುತ್ತಿರುವ ಪತ್ರಿಕೆ ಇದ್ದರೆ ದಯವಿಟ್ಟು ಈ ದಾರಿಗೆ ಬರಬೇಡಿ. ಇರುವ ಆದಾಯವೂ ಹೋಗುತ್ತದೆ.

ಜಾತಿ ಪತ್ರಿಕೆ ನಡೆಸುವವರಿಗೂ ಒಂದು ಮಾತು. ನಮ್ಮ ಜಿಲ್ಲೆಯಲ್ಲೂ ಹಾಸನದಲ್ಲೂ ಅಂಥ ಪತ್ರಿಕೆಗಳಿವೆ, ವಧು-ವರರ ಪುಟದಿಂದಲೇ ಬದುಕಿವೆ. ಒಂದೇ ಜಾತಿ ಅಥವಾ ಒಂದೇ ಧರ್ಮದವರ ಒಳಿತಿಗೆ ಅಂತ ಪತ್ರದಲ್ಲಿ ಬರೆದಿದ್ದರೆ 80ಜಿ ಸಿಗುವುದಿಲ್ಲ, ತೆರಿಗೆ ವಿನಾಯಿತಿಗೂ ಅಡ್ಡಿ. ನೋಂದಣಿಗೆ ಮುಂಚೆಯೇ ಯೋಚಿಸಿ.

ಪತ್ರ ನೋಂದಣಿಯಾದ ದಿನ ಜೋರು ಮಳೆ, ಕರೆಂಟ್ ಇಲ್ಲ. ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿಯುವ ಹೊತ್ತಿಗೆ ಸಂಜೆ. ಮೇಷ್ಟ್ರು ಬೆಂಚಿನ ಮೇಲೆ ಕೂತು ಪ್ರೂಫ್ ತಿದ್ದುತ್ತಿದ್ದರು. ಆಮೇಲಿನ ಪ್ಯಾನ್ ಸುಲಭ. ಫಾರಂ 49ಎ, ಶುಲ್ಕ 107 ರೂಪಾಯಿ. ಬ್ಯಾಂಕ್ ಖಾತೆಗೆ ಟ್ರಸ್ಟಿಗಳ ನಿರ್ಣಯದ ಪ್ರತಿ, ಎಲ್ಲರ ಆಧಾರ್, ಪ್ಯಾನ್. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರಂ 10ಎ ಹಾಕಿದರೆ 12ಎಬಿ (ಇದು ಟ್ರಸ್ಟಿನ ಆದಾಯಕ್ಕೇ ಸಿಗುವ ವಿನಾಯಿತಿ) ಮತ್ತು 80ಜಿ ಎರಡಕ್ಕೂ 3 ವರ್ಷದ ತಾತ್ಕಾಲಿಕ ನೋಂದಣಿ ಬರುತ್ತದೆ. ಇದಕ್ಕೆ ಸರ್ಕಾರಿ ಶುಲ್ಕ ಇಲ್ಲ. "80ಜಿ ಮಾಡಿಸಿಕೊಡ್ತೀವಿ, ಒಳಗಿನವರು ಗೊತ್ತು" ಅಂತ ದೊಡ್ಡ ಮೊತ್ತ ಕೇಳುವವರು ಸಿಗುತ್ತಾರೆ. ನಮಗೂ ಒಬ್ಬರು ಸಿಕ್ಕಿದ್ದರು. ನಮಸ್ಕಾರ ಹೇಳಿ ಬನ್ನಿ. ತಾತ್ಕಾಲಿಕ ನೋಂದಣಿ ಇದ್ದಾಗಲೂ ದಾನಿಗಳಿಗೆ ವಿನಾಯಿತಿ ಸಿಗುತ್ತದೆ. ಪೂರ್ಣ ಆದೇಶ ಬರಲಿ ಅಂತ ದೇಣಿಗೆ ಕೇಳುವುದನ್ನು ಮುಂದೂಡಬೇಕಾಗಿಲ್ಲ.

ಪತ್ರಿಕೆಯ ಶೀರ್ಷಿಕೆ ಮೇಷ್ಟ್ರ ಸ್ವಂತ ಹೆಸರಲ್ಲಿತ್ತು. ಟ್ರಸ್ಟ್ ಮಾಡಿದ ಮಾತ್ರಕ್ಕೆ ಅದು ಟ್ರಸ್ಟಿನದಾಗುವುದಿಲ್ಲ, ವರ್ಗಾಯಿಸಬೇಕು. 1867ರ ಹಳೇ ಕಾಯ್ದೆ ಹೋಗಿ, 2024ರ ಮಾರ್ಚ್ 1ರಿಂದ ಪತ್ರಿಕಾ ನೋಂದಣಿಗೆ ಹೊಸ ಕಾಯ್ದೆ ಬಂದಿದೆ. ಈಗ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಎಲ್ಲ. ಒಳ್ಳೆಯದೇ. ಆದರೆ ಮೇಷ್ಟ್ರ ಆಧಾರಿಗೆ ಜೋಡಿಸಿದ್ದ ಫೋನ್ ನಂಬರ್ ಅವರು ಎಂದೋ ಬಿಟ್ಟದ್ದು. ಒಟಿಪಿ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಬೆರಳಚ್ಚು ಮೂಡಲಿಲ್ಲ. ವಯಸ್ಸಾದವರ ಬೆರಳು, ಗೆರೆ ಸವೆದಿರುತ್ತದೆ. ಕಣ್ಣಿನ ಪಾಪೆಯ ಗುರುತು ತೆಗೆದು ಕೊನೆಗೆ ಆಯಿತು. ಈ ಒಂದು ಕೆಲಸಕ್ಕೆ ಅವರನ್ನು ಕರೆದುಕೊಂಡು ಓಡಾಡುವಾಗ ನನಗೆ ಬಹಳ ಬೇಸರವಾಗಿತ್ತು. ತಾವು ಕಟ್ಟಿದ ಪತ್ರಿಕೆಯನ್ನು ಬಿಟ್ಟುಕೊಡಲು ತಾವೇ ಸಾಲಿನಲ್ಲಿ ನಿಲ್ಲುವುದು. ಅವರು ಮಾತ್ರ ಆಧಾರ್ ಕೇಂದ್ರದ ಹುಡುಗಿಗೆ ಪತ್ರಿಕೆಯ ಹಳೇ ಸಂಚಿಕೆ ಕೊಟ್ಟು, "ನಿಮ್ಮ ಮನೆಯಲ್ಲಿ ತೋಟ ಇದ್ಯಾ?" ಅಂತ ವಿಚಾರಿಸುತ್ತಿದ್ದರು.

ದೇಣಿಗೆ ಕೇಳಲು ಶುರು ಮಾಡಿದ್ದು ಫೆಬ್ರವರಿಯಲ್ಲಿ. ಇದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾಫಿ ಕೊಯ್ಲು ಮುಗಿದು, ಒಣಗಿಸಿ ಮಾರುವವರೆಗೆ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ. ಆಳುಗಳ ಬಟವಾಡೆಗೇ ಸಾಲದು. ಮಳೆಗಾಲದಲ್ಲಿ ಕೇಳಿದರೆ "ಕಾಫಿ ಮಾರಿದ ಮೇಲೆ ನೋಡೋಣ" ಅನ್ನುತ್ತಾರೆ, ಅದು ನಿಜವೂ ಹೌದು.

80ಜಿ ಇದೆ ಅಂದರೆ ಜನ ಸಾಲುಗಟ್ಟುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಹಾಗಾಗಲಿಲ್ಲ. ಸಂಬಳದವರಲ್ಲಿ ಬಹಳ ಜನ ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅದರಲ್ಲಿ 80ಜಿ ವಿನಾಯಿತಿಯೇ ಇಲ್ಲ. ಹಳೇ ಪದ್ಧತಿಯಲ್ಲಿ ಇರುವವರಿಗೂ ನಮ್ಮಂಥ ಟ್ರಸ್ಟಿಗೆ ಕೊಟ್ಟದ್ದರ ಅರ್ಧಕ್ಕೆ ಮಾತ್ರ, ಅದಕ್ಕೂ ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಇನ್ನು ಸಣ್ಣ ಬೆಳೆಗಾರರು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ ಅಂದಮೇಲೆ ಅವರಿಗೆ ವಿನಾಯಿತಿ ಯಾತಕ್ಕೆ? ನಮಗೆ ಕೊಟ್ಟವರಲ್ಲಿ 80ಜಿ ಸರ್ಟಿಫಿಕೇಟ್ ನಿಜವಾಗಿ ಬೇಕು ಅಂದವರು ಕೈಬೆರಳಲ್ಲಿ ಎಣಿಸುವಷ್ಟು. ಜನ ಕೊಟ್ಟದ್ದು ನಾವು ಮನೆಗೆ ಹೋಗಿ ಕೂತು, ಕಾಫಿ ಕುಡಿದು, ಲೆಕ್ಕದ ಹಾಳೆ ತೋರಿಸಿ ಕೇಳಿದ್ದಕ್ಕೆ. ಒಂದು ಸಂಚಿಕೆಗೆ ಕಾಗದಕ್ಕೆ ಎಷ್ಟು, ಅಚ್ಚಿಗೆ ಎಷ್ಟು, ಅಂಚೆಗೆ ಎಷ್ಟು ಅಂತ ಒಂದೇ ಹಾಳೆ. ಅದನ್ನು ನೋಡಿದ ಆಜೀವ ಚಂದಾದಾರರು ಹಲವರು ಅಲ್ಲೇ ಚೆಕ್ ಬರೆದರು. "ನಾವು ಇನ್ನೂ 500ರಲ್ಲೇ ಓದ್ತಿದ್ದೀವಾ!" ಅಂತ ನಕ್ಕರು.

ಹಾಗಾದರೆ 80ಜಿ ಯಾಕೆ ಬೇಕು? ಕಂಪನಿಗಳಿಗಾಗಿ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಹಣ, ಕೇಳಲು ಸಿಎಸ್‌ಆರ್-1 ನೋಂದಣಿ ಬೇಕು, ಅದಕ್ಕೆ 12ಎಬಿ, 80ಜಿ ಎರಡೂ ಬೇಕು. ನಮಗೆ ಇನ್ನೂ ಆ ಹಣ ಬಂದಿಲ್ಲ. ಕೇಳಿದ್ದೇವೆ.

ಕೈಯೊಡ್ಡುವುದು ಸುಲಭವಲ್ಲ. ಕೆಲವರ ಮನೆ ಗೇಟಿನವರೆಗೆ ಹೋಗಿ ವಾಪಸ್ ಬಂದದ್ದೂ ಉಂಟು.

ಪ್ಯಾನ್ ನಂಬರ್ ಕೇಳುವುದು ಅದಕ್ಕಿಂತ ಕಷ್ಟ. ವರ್ಷದ ದೇಣಿಗೆ ಪಟ್ಟಿಯನ್ನು ಫಾರಂ 10ಬಿಡಿಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ಆ ಪಟ್ಟಿಯಲ್ಲಿ ದಾನಿಯ ಗುರುತಿನ ನಂಬರ್ ಹಾಕಬೇಕು. "ಇನ್ನೂರು ರೂಪಾಯಿಗೆ ಪ್ಯಾನ್ ಯಾಕೆ, ರೈಡ್ ಮಾಡ್ತಾರಾ?" ಅಂತ ಕೇಳಿದವರಿದ್ದಾರೆ. ಪ್ಯಾನ್ ಇಲ್ಲದಿದ್ದರೆ ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಕೊನೆಗೆ ರೇಷನ್ ಕಾರ್ಡ್ ನಂಬರೂ ನಡೆಯುತ್ತದೆ. ಇದು ಗೊತ್ತಾದ ಮೇಲೆ ಕೆಲಸ ಹಗುರಾಯಿತು. ಹಣ ಇಸಿದುಕೊಳ್ಳುವಾಗಲೇ ನಂಬರ್ ಬರೆದುಕೊಳ್ಳಿ. ಆಮೇಲೆ ಫೋನ್ ಮಾಡಿ ಕೇಳಿದರೆ ಯಾರೂ ಕೊಡುವುದಿಲ್ಲ, ಕಾಲ ಹಾಗಿದೆ. ಮತ್ತೆ, ಚಂದಾ ರಸೀದಿ ಪುಸ್ತಕ ಬೇರೆ, ದೇಣಿಗೆ ರಸೀದಿ ಪುಸ್ತಕ ಬೇರೆ ಇಡಿ.

ಕಳಸದ ಒಬ್ಬ ಅಮ್ಮ ದುಡ್ಡಿನ ಬದಲು ಒಂದು ಚೀಲ ಕಾಳುಮೆಣಸು ಕೊಟ್ಟರು. ಬಸ್ಸಿನಲ್ಲಿ ತಂದು ಮಾರಿ, ಹಣವನ್ನು ಖಾತೆಗೆ ಕಟ್ಟಿದೆವು. ವಸ್ತು ರೂಪದ ದಾನಕ್ಕೆ 80ಜಿ ವಿನಾಯಿತಿ ಇಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಮಳೆ ಲೆಕ್ಕದಲ್ಲಿ ತಮ್ಮ ಊರಿನ ಹೆಸರು ತಪ್ಪಾಗಿ ಅಚ್ಚಾಗುತ್ತಿದೆ, ಸರಿ ಮಾಡಿ ಅಂದರು.

ವಿದೇಶದ ಹಣದ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೂಡಿಗೆರೆ ಕಡೆಯ ಹುಡುಗರೊಬ್ಬರು ಅಮೆರಿಕದಲ್ಲಿದ್ದಾರೆ. ಅಲ್ಲಿಯ ಸಾಲ್ಟ್ ಲೇಕ್ ಟ್ರಿಬ್ಯೂನ್ ಪತ್ರಿಕೆ 2019ರಲ್ಲಿ ಲಾಭರಹಿತ ಸಂಸ್ಥೆಯಾಯಿತು, ಓದುಗರ ದೇಣಿಗೆಯೂ ತೆಗೆದುಕೊಳ್ಳುತ್ತದೆ ಅಂತ ಉತ್ಸಾಹದಿಂದ ಬರೆದು, ಒಂದು ವರ್ಷದ ಅಚ್ಚಿನ ಖರ್ಚು ತಾನೇ ಕೊಡುತ್ತೇನೆ ಅಂದರು. ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಬೆಳಿಗ್ಗೆ ಆಡಿಟರ್ ಕೇಳಿದ ಮೊದಲ ಪ್ರಶ್ನೆ: "ಪಾಸ್‌ಪೋರ್ಟ್ ಯಾವ ದೇಶದ್ದು?" ಅವರು ಅಮೆರಿಕದ ಪ್ರಜೆಯಾಗಿದ್ದರು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪ್ರಜೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ, ಬೇಕು. ನಮ್ಮಂಥವರಿಗೆ ಅದೂ ಇಲ್ಲ. 2010ರ ಆ ಕಾಯ್ದೆಯ ಕಲಂ 3ರ ಪ್ರಕಾರ ನೋಂದಾಯಿತ ಪತ್ರಿಕೆಯ ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ ಯಾರೂ ವಿದೇಶಿ ದೇಣಿಗೆ ತೆಗೆದುಕೊಳ್ಳುವಂತಿಲ್ಲ. ಅಮ್ಮನ ಖಾತೆಗೆ ಹಾಕಿ ಅಮ್ಮನಿಂದ ಕೊಡಿಸುತ್ತೇನೆ ಅಂದರು. ಯಾರ ಕೈ ದಾಟಿ ಬಂದರೂ ಮೂಲ ಅದೇ ಆದರೆ ಅದು ವಿದೇಶಿ ದೇಣಿಗೆಯೇ. ಬೇಡ ಅಂದೆವು. ಆಮೇಲೆ ಅವರ ಅಮ್ಮ ತಮ್ಮ ತೋಟದ ಕಾಫಿ ದುಡ್ಡಿನಲ್ಲಿ, ತಮ್ಮ ಶಕ್ತಿ ಇದ್ದಷ್ಟು, ತಾವೇ ಕೊಟ್ಟರು.

ಪೂರ್ಣ ನೋಂದಣಿಗೆ ಫಾರಂ 10ಎಬಿ. ಕೆಲಸ ಶುರುವಾಗಿ 6 ತಿಂಗಳೊಳಗೆ ಹಾಕಬೇಕು. ಇದನ್ನು ಬೆಂಗಳೂರಿನ ವಿನಾಯಿತಿ ಆಯುಕ್ತರ ಕಚೇರಿ ನೋಡುತ್ತದೆ. ಅರ್ಜಿ ಬಂದ ತ್ರೈಮಾಸಿಕ ಮುಗಿದು 6 ತಿಂಗಳೊಳಗೆ ಆದೇಶ ಕೊಡಬೇಕು ಅಂತ ನಿಯಮ, ಹಾಗಾಗಿ ಸುಮ್ಮನೆ ಕಾಯುವ ಕಾಲ ಬಹಳ. ನೋಟಿಸ್ ಅಂಚೆಯಲ್ಲಿ ಬರುವುದಿಲ್ಲ, ಪೋರ್ಟಲ್‌ನಲ್ಲಿ ಬಂದು ಕೂರುತ್ತದೆ. ನಮಗೆ ಬಂದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಟ್ರಸ್ಟಿಗಳೆಲ್ಲ ಕಣದಲ್ಲಿ, ನೆಟ್‌ವರ್ಕ್ ಗುಡ್ಡದ ತುದಿಯಲ್ಲಿ. ಕೇಳಿದ್ದು ಇಷ್ಟು: ಮಾಡಿದ ಕೆಲಸದ ವಿವರ ಫೋಟೋ ಸಮೇತ, ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಜಾಹೀರಾತು ಚಂದಾ ಆದಾಯದ ಪರ್ಸೆಂಟ್, ಟ್ರಸ್ಟಿಗಳಿಗೆ ಬಾಡಿಗೆಯೋ ಸಂಬಳವೋ ಹೋಗುತ್ತಿದೆಯೇ. ಮೇಷ್ಟ್ರ ಕೋಣೆಗೆ ಬಾಡಿಗೆ ಇಲ್ಲ ಅಂತ ಅವರಿಂದಲೇ ಪತ್ರ ಬರೆಸಿ ಹಾಕಿದೆವು. ಶಾಲೆಗಳಿಗೆ ಉಚಿತವಾಗಿ ಕಳಿಸಿದ ಪ್ರತಿಗಳಿಗೆ ಮುಖ್ಯ ಶಿಕ್ಷಕರ ಸ್ವೀಕೃತಿ ಇತ್ತು, ಅದು ಬಹಳ ಉಪಯೋಗವಾಯಿತು. ಇಂಥ ಚೀಟಿಗಳನ್ನು ಮೊದಲ ದಿನದಿಂದಲೇ ಕೂಡಿಡಿ.

ಖರ್ಚಿನ ಮಾತು. ಪತ್ರ ಬರೆಸಿ ನೋಂದಾಯಿಸಿದ್ದು, ಆಡಿಟರ್ ಶುಲ್ಕ, ಓಡಾಟ ಎಲ್ಲ ಸೇರಿ ಒಂದು ಸಂಚಿಕೆಯ ಅಚ್ಚಿನ ಖರ್ಚಿನಷ್ಟಾಯಿತು. ಆಡಿಟರ್ ನಮ್ಮ ಓದುಗರು, ಅರ್ಧವೇ ತೆಗೆದುಕೊಂಡರು. ಇನ್ನು ಮೇಲೆ ವರ್ಷವರ್ಷದ ಖರ್ಚೂ ಇದೆ. ಟ್ರಸ್ಟುಗಳ ತೆರಿಗೆ ರಿಟರ್ನ್ ಐಟಿಆರ್-7 ಹಾಕಬೇಕು, ಆದಾಯ ತೆರಿಗೆ ಇಲ್ಲದ ಮಿತಿ ದಾಟಿದರೆ ಆಡಿಟ್ ಆಗಬೇಕು, ಬಂದ ಹಣದಲ್ಲಿ 85 ಪರ್ಸೆಂಟ್ ಉದ್ದೇಶಕ್ಕೇ ಖರ್ಚಾಗಬೇಕು. ಕೊನೆಯದು ನಮಗೆ ಕಷ್ಟವೇ ಅಲ್ಲ. ಉಳಿಯುವುದೇ ಇಲ್ಲವಲ್ಲ. ಈ ನಡುವೆ 2025ರ ಸೆಪ್ಟೆಂಬರ್ 22ರಿಂದ ಅಚ್ಚಿನ ಕಾಗದದ ಜಿಎಸ್‌ಟಿ 12ರಿಂದ 18 ಪರ್ಸೆಂಟಿಗೆ ಏರಿತು. ಪತ್ರಿಕೆ ಮಾರಾಟಕ್ಕೆ ಜಿಎಸ್‌ಟಿ ಇಲ್ಲದ್ದರಿಂದ, ಕಟ್ಟಿದ್ದನ್ನು ವಾಪಸ್ ಪಡೆಯಲೂ ಬರುವುದಿಲ್ಲ.

ಬಂದ ದೇಣಿಗೆಯಲ್ಲಿ ಈಗ ಒಂದು ವರ್ಷದ ಸಂಚಿಕೆಗಳು ನಡೆಯುತ್ತವೆ. ಅದರಾಚೆಗೆ ಗೊತ್ತಿಲ್ಲ. ಮತ್ತೆ ಮಾಸಿಕ ಮಾಡಿ ಅಂಚೆ ರಿಯಾಯಿತಿಗೆ ಅರ್ಜಿ ಹಾಕೋಣ ಅಂತ ಮೇಷ್ಟ್ರು, ಅಷ್ಟು ಬರಹ ಎಲ್ಲಿಂದ ತರುವುದು ಅಂತ ನಾನು. ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಟ್ರಸ್ಟ್ ಪತ್ರದ ಕರಡು ಬೇಕಾದವರಿಗೆ ಕೊಡುತ್ತೇನೆ. ಉದ್ದೇಶದ ಕಲಂ ಮಾತ್ರ ನಿಮ್ಮ ಪತ್ರಿಕೆ ಏನು ಮಾಡುತ್ತದೋ ಅದನ್ನೇ ಬರೆದುಕೊಳ್ಳಿ. ಮೇ ತಿಂಗಳಲ್ಲಿ ಮಾತ್ರ ಕೇಳಬೇಡಿ, ಆಗ ನಾನು ರೇಷನ್ ಕಾರ್ಡ್ ನಂಬರ್ ಟೈಪ್ ಮಾಡುತ್ತಿರುತ್ತೇನೆ.